ಗಂಡುಮಕ್ಕಳ ತೋಳಿಗೂ ಈ ಸೂಜಿ



ಈ ಹೊತ್ತು ನಾನು ಆಡಲಿರುವ ಮಾತು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕೇಳುವಾಗ ಸ್ವಲ್ಪ ಮುಜುಗರ ತರಬಹುದು. ಆದರೂ ರೇಡಿಯೋ ಆರಿಸಬೇಡಿ. ಮುಜುಗರಪಟ್ಟು ಮುಚ್ಚಿಟ್ಟ ಕಾಯಿಲೆಯಿಂದಲೇ ಜೀವ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಕಿವಿ, ಮೂಗು, ಗಂಟಲಿನ ವೈದ್ಯನಾಗಿ ದಿನವೂ ಜನರ ಬಾಯೊಳಗೆ ಟಾರ್ಚು ಹಾಕಿ ನೋಡುವವನು ನಾನು. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹೈಸ್ಕೂಲು ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ನನ್ನಲ್ಲಿಗೆ ಬಂದರು. ಐವತ್ತು ದಾಟಿದ ವಯಸ್ಸು. ಕ್ಷೌರದಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುವಾಗ ಕ್ಷೌರಿಕರ ಕೈ ದವಡೆಯ ಕೆಳಗೆ ನಿಂತಿತಂತೆ. "ಮೇಷ್ಟ್ರೇ, ಇಲ್ಲೊಂದು ಗಂಟು ಸಿಗ್ತಿದೆ, ಹೋದ ಸಲ ಇರಲಿಲ್ಲ" ಅಂದರಂತೆ. ಮುಟ್ಟಿದರೆ ನೋವಿಲ್ಲ, ಜ್ವರವಿಲ್ಲ, ಊಟಕ್ಕೆ ತೊಂದರೆಯಿಲ್ಲ. ಶೀತದ ಗಡ್ಡೆ ಇರಬೇಕೆಂದು ಬಿಸಿ ಶಾಖ ಕೊಟ್ಟರು, ಅಂಗಡಿಯಿಂದ ಮಾತ್ರೆ ತಂದು ನುಂಗಿದರು. ಮೂರು ತಿಂಗಳಾದರೂ ಗಂಟು ಕರಗಲಿಲ್ಲ, ನಿಂಬೆಹಣ್ಣಿನಷ್ಟಾಯಿತು. ನಾನು ನಾಲಿಗೆ ಒತ್ತಿ ಹಿಡಿದು ನೋಡಿದಾಗ ಬಲಗಡೆಯ ಟಾನ್ಸಿಲ್ ಎಡಗಡೆಯದಕ್ಕಿಂತ ತುಸು ದಪ್ಪವಾಗಿತ್ತು. ಬೆರಳಿಟ್ಟರೆ ಗಟ್ಟಿ. ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ಕ್ಯಾನ್ಸರ್ ಎಂದು ಬಂತು.

ಆ ಮೇಷ್ಟ್ರು ಕೇಳಿದ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ: "ಡಾಕ್ಟ್ರೇ, ನಾನು ಒಂದು ಅಡಕೆ ಹೋಳೂ ಬಾಯಿಗೆ ಹಾಕಿದವನಲ್ಲ. ಬೀಡಿ ಸೇದಿದವನಲ್ಲ. ನನಗ್ಯಾಕೆ ಬಂತು?"

ನಮ್ಮ ಕಡೆ ಬಾಯಿ, ಗಂಟಲಿನ ಕ್ಯಾನ್ಸರ್ ಎಂದರೆ ಹೊಗೆಸೊಪ್ಪು, ಗುಟ್ಕಾ, ಅಡಕೆ, ಬೀಡಿ ಇವೇ ಮುಖ್ಯ ಕಾರಣ. ಆ ಮಾತನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಆದರೆ ಆ ಮೇಷ್ಟ್ರ ಗಂಟಲಿಗೆ ಬಂದದ್ದು ಬೇರೆ ದಾರಿಯಿಂದ. ಅದರ ಮೂಲ ಒಂದು ವೈರಸ್. ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಈ ಹೆಸರನ್ನು ನೀವು ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿನ ಜೊತೆ ಕೇಳಿರುತ್ತೀರಿ. ಗಂಡಸರ ಜೊತೆ ಕೇಳಿರುವುದು ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಈ ಕೊರತೆಯ ಬಗ್ಗೆ.

ಮೊದಲು ಈ ವೈರಸ್ಸಿನ ಪರಿಚಯ ಮಾಡಿಕೊಳ್ಳೋಣ. ಇದು ನಮಗೆ ಹೊಸಬನಲ್ಲ. ಮಕ್ಕಳ ಬೆರಳಿನ ಮೇಲೆ, ಮೊಣಕೈ ಮೇಲೆ ಏಳುವ ನರಹುಲಿ ಇದರದೇ ಸಂತಾನ. ಕುದುರೆ ಬಾಲದ ಕೂದಲು ಕಟ್ಟಿ ನರಹುಲಿ ಉದುರಿಸುವುದನ್ನು, ದೇವಸ್ಥಾನದ ಕೊಳಕ್ಕೆ ಉಪ್ಪು ಬೆಲ್ಲ ಹಾಕುತ್ತೇವೆಂದು ಹರಕೆ ಹೊರುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಹರಕೆ ಹೊತ್ತ ಕೆಲವು ತಿಂಗಳಿಗೆ ನರಹುಲಿ ಹೋಗುತ್ತಿದ್ದದ್ದೂ ನಿಜ. ನಮ್ಮ ಮೈಯ ರೋಗನಿರೋಧಕ ಶಕ್ತಿಯೇ ಆ ವೈರಸ್ಸನ್ನು ಗುರುತು ಹಿಡಿದು ಓಡಿಸುತ್ತಿತ್ತು. ಈ ಕುಟುಂಬದಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ, ಒಂದೊಂದಕ್ಕೂ ನಂಬರು ಕೊಟ್ಟಿದ್ದಾರೆ. ಹೆಚ್ಚಿನವು ಬಡಪಾಯಿಗಳು. 6 ಮತ್ತು 11 ನಂಬರಿನವು ಜನನಾಂಗದ ಮೇಲೆ ನರಹುಲಿ ಎಬ್ಬಿಸುತ್ತವೆ. ಇವುಗಳಿಂದ ಜೀವಕ್ಕೆ ಅಪಾಯ ಕಡಿಮೆ, ನಾಚಿಕೆ ಮತ್ತು ನರಳಾಟ ಹೆಚ್ಚು. ಕೊಲೆಗಾರರಲ್ಲಿ ಮುಖ್ಯವಾದವು 16 ಮತ್ತು 18 ನಂಬರಿನವು. ಜಗತ್ತಿನ ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ 100ಕ್ಕೆ 70ರಷ್ಟು ಈ ಎರಡರಿಂದಲೇ ಬರುತ್ತವೆ.

ಇದು ಹರಡುವುದು ಚರ್ಮಕ್ಕೆ ಚರ್ಮ, ಒಳಚರ್ಮಕ್ಕೆ ಒಳಚರ್ಮ ತಾಗುವುದರಿಂದ. ಲೈಂಗಿಕ ಸಂಪರ್ಕ ಮುಖ್ಯ ದಾರಿ. ಕಾಂಡೋಮ್ ಸ್ವಲ್ಪಮಟ್ಟಿಗೆ ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ. ಇಲ್ಲೊಂದು ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಮೇಷ್ಟ್ರು ನನ್ನ ಮುಂದೆ ಕೂತಿದ್ದಾಗ ಅವರ ಹೆಂಡತಿ ಪಕ್ಕದಲ್ಲೇ ಇದ್ದರು. ವೈರಸ್ ಎಂದೊಡನೆ ಆ ತಾಯಿಯ ಮುಖ ಬಾಡಿದ್ದನ್ನು ನೋಡಿದೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಇಬ್ಬರಿಗೂ ಹೇಳಿದೆ: ಇದು ಯಾವಾಗ ತಗುಲಿತು, ಯಾರಿಂದ ತಗುಲಿತು ಎಂದು ಭೂಮಿಯ ಮೇಲೆ ಯಾವ ವೈದ್ಯನೂ ಹೇಳಲಾರ. ಹತ್ತು ವರ್ಷ, ಇಪ್ಪತ್ತು ವರ್ಷ, ಮೂವತ್ತು ವರ್ಷ ಸುಮ್ಮನೆ ಮೈಯಲ್ಲಿ ಮಲಗಿರಬಲ್ಲದು. ಬಾಳಿನಲ್ಲಿ ಒಬ್ಬರ ಜೊತೆಗೇ ಇದ್ದವರಿಗೂ ಬರುತ್ತದೆ. ಇದನ್ನು ಹಿಡಿದು ಗಂಡ ಹೆಂಡಿರು ಒಬ್ಬರ ಮೇಲೊಬ್ಬರು ಅನುಮಾನ ಪಟ್ಟರೆ ಕಾಯಿಲೆಗಿಂತ ದೊಡ್ಡ ಕಾಯಿಲೆಯನ್ನು ಮನೆಗೆ ಕರೆದ ಹಾಗೆ.

ಗಂಡಸರ ಪಾಲಿನ ಸಂಗತಿ ವಿಜ್ಞಾನಿಗಳಿಗೆ ಹೊಳೆದದ್ದೂ ನಿಧಾನವಾಗಿಯೇ. ಇಟಲಿಯ ವೆರೋನಾ ನಗರದಲ್ಲಿ ರಿಗೋನಿ ಸ್ಟೆರ್ನ್ ಎಂಬ ವೈದ್ಯರು ಹಲವು ದಶಕಗಳ ಸಾವಿನ ದಾಖಲೆಗಳನ್ನು ಕೂತು ಎಣಿಸಿದರು. 1842ರಲ್ಲಿ ಅವರು ಹೇಳಿದ್ದು: ಮದುವೆಯಾದ ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು, ಮಠದ ಸನ್ಯಾಸಿನಿಯರಲ್ಲಿ ತೀರ ಕಡಿಮೆ. ಅಂದರೆ ಕಾಯಿಲೆಯ ಬೇರು ದಾಂಪತ್ಯದಲ್ಲೆಲ್ಲೋ ಇದೆ ಎಂಬ ಸುಳಿವು ಆಗಲೇ ಸಿಕ್ಕಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಮೊದಲ ಹೆಂಡತಿಗೆ ಈ ಕ್ಯಾನ್ಸರ್ ಬಂದಿದ್ದ ಗಂಡಸು ಮತ್ತೆ ಮದುವೆಯಾದರೆ ಎರಡನೆಯ ಹೆಂಡತಿಗೂ ಅದು ಬರುವ ಸಂಭವ ಹೆಚ್ಚು. ಏನನ್ನೋ ಆತ ಹೊತ್ತು ತರುತ್ತಿದ್ದಾನೆ, ಅವನಿಗೇ ಗೊತ್ತಿಲ್ಲ. ಆ ಏನನ್ನೋ ಎಂಬುದಕ್ಕೆ ಹೆಸರು ಕೊಟ್ಟವರು ಜರ್ಮನಿಯ ಹರಾಲ್ಡ್ ಜುರ್ ಹೌಸೆನ್. 1983ರಲ್ಲಿ 16ನೆಯ ಬಗೆಯನ್ನು, ಮರುವರ್ಷ 18ನೆಯ ಬಗೆಯನ್ನು ಗೆಡ್ಡೆಗಳಿಂದಲೇ ಹೊರತೆಗೆದು ತೋರಿಸಿದರು. ಅದಕ್ಕೂ ಮುಂಚೆ ಅವರ ಮಾತನ್ನು ಒಪ್ಪಿದವರು ಕಡಿಮೆ. 2008ರಲ್ಲಿ ನೊಬೆಲ್ ಬಂತು.

ಈಗ ಗಂಡಸರ ಲೆಕ್ಕಕ್ಕೆ ಬರುತ್ತೇನೆ. 2023ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿದ ವರದಿ ಬಂತು. ಹದಿನೈದು ವರ್ಷ ದಾಟಿದ ಗಂಡಸರಲ್ಲಿ ಸುಮಾರು ಮೂವರಿಗೆ ಒಬ್ಬರ ಜನನಾಂಗದಲ್ಲಿ ಯಾವುದಾದರೊಂದು ಬಗೆಯ ಎಚ್‌ಪಿವಿ ಇದೆ. ಐವರಿಗೆ ಒಬ್ಬರಲ್ಲಿ ಅಪಾಯದ ಬಗೆಯೇ ಇದೆ. ಮೂವರಿಗೆ ಒಬ್ಬರು! ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ಅದು ತಾನಾಗಿ ಹೋಗುತ್ತದೆ. ಹೋಗದೆ ಉಳಿದವರಲ್ಲಿ ಕೆಲವರಿಗೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್, ಗುದದ್ವಾರದ ಕ್ಯಾನ್ಸರ್, ಶಿಶ್ನದ ಕ್ಯಾನ್ಸರ್ ಬರುತ್ತವೆ. ಅಮೆರಿಕದಲ್ಲಿ ಈ ವೈರಸ್ಸಿನ ಗಂಟಲ ಕ್ಯಾನ್ಸರ್ ಎಷ್ಟು ಏರಿದೆಯೆಂದರೆ, ಅಲ್ಲಿನ ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿನ ಸಂಖ್ಯೆಯನ್ನೇ ಹಿಂದೆ ಹಾಕಿದೆ. ರೋಗಿಗಳಲ್ಲಿ ಬಹುಪಾಲು ಗಂಡಸರು.

ಶಿಶ್ನದ ಕ್ಯಾನ್ಸರ್ ನಮ್ಮ ದೇಶದಲ್ಲಿ ಅಪರೂಪವೇ, ಆದರೆ ಶ್ರೀಮಂತ ದೇಶಗಳಿಗಿಂತ ಹೆಚ್ಚು. ಅದರಲ್ಲಿ ಸುಮಾರು ಅರ್ಧಕ್ಕೆ ಎಚ್‌ಪಿವಿಯ ಕೈವಾಡವಿರುತ್ತದೆ, ಮುಂದೊಗಲು ಹಿಂದಕ್ಕೆ ಸರಿಯದಿರುವುದು, ಶುಚಿಯ ಕೊರತೆ, ತಂಬಾಕು ಇವೂ ಸೇರಿಕೊಳ್ಳುತ್ತವೆ. ನಮ್ಮ ಆಸ್ಪತ್ರೆಯ ಶಸ್ತ್ರವೈದ್ಯರ ಬಳಿ ಬಂದಿದ್ದ ಒಬ್ಬ ಹಿರಿಯ ರೈತರನ್ನು ನಾನು ಕಂಡಿದ್ದೆ. ಒಂದೂವರೆ ವರ್ಷ ಹುಣ್ಣನ್ನು ಯಾರಿಗೂ ತೋರಿಸಿರಲಿಲ್ಲ. ತಮ್ಮ ಪಂಚೆಯನ್ನು ತಾವೇ ಬೆಳಗಿನ ಜಾವ ಎದ್ದು ಬಾವಿಕಟ್ಟೆಯಲ್ಲಿ ಒಗೆದುಕೊಳ್ಳುತ್ತಿದ್ದರಂತೆ, ಸೊಸೆಯಂದಿರ ಕಣ್ಣಿಗೆ ಕಲೆ ಬೀಳದಿರಲಿ ಎಂದು. ಮನೆಯವರು "ಅಪ್ಪನಿಗೆ ಈಚೆಗೆ ಮಡಿ ಜಾಸ್ತಿಯಾಗಿದೆ" ಎಂದುಕೊಂಡಿದ್ದರು. ತೊಡೆಸಂದಿಯಲ್ಲಿ ಗಂಟುಗಳೆದ್ದು ನಡೆಯಲಾಗದೆ ಹೋದಾಗ ಮಗ ಕರೆತಂದ. ಆರಂಭದಲ್ಲಿ ಬಂದಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತಿತ್ತು ಎಂದು ಆ ಶಸ್ತ್ರವೈದ್ಯರು ನನಗೆ ಹೇಳಿದಾಗ ಅವರ ದನಿ ನಡುಗುತ್ತಿತ್ತು. ಆ ರೈತರು ಉಳಿಯಲಿಲ್ಲ.

ಹೆಂಗಸರಿಗೆ ಪ್ಯಾಪ್ ಪರೀಕ್ಷೆಯಿದೆ, ಎಚ್‌ಪಿವಿ ಪರೀಕ್ಷೆಯಿದೆ. ಕ್ಯಾನ್ಸರ್ ಆಗುವ ಮುಂಚಿನ ಹಂತದಲ್ಲೇ ಹಿಡಿದು ಹಾಕಬಹುದು. ಗಂಡಸರಿಗೆ ಅಂಥ ಒಪ್ಪಿತ ತಪಾಸಣೆ ಯಾವುದೂ ಇಲ್ಲ. ಟಾನ್ಸಿಲ್ಲಿನ ಸಂದಿಯೊಳಗೆ ವೈರಸ್ ಕೂತಿದ್ದರೆ ಗಂಟು ಹೊರಗೆ ಬರುವ ತನಕ ಗೊತ್ತಾಗುವುದಿಲ್ಲ. ಹಾಗಾಗಿ ಗಂಡಸಿಗೆ ಇರುವ ಗಟ್ಟಿ ಕಾವಲು ಒಂದೇ, ಹುಡುಗನಾಗಿದ್ದಾಗ ಹಾಕಿಸಿಕೊಂಡ ಲಸಿಕೆ.

ಈ ಲಸಿಕೆ ಹುಟ್ಟಿದ್ದು ಹೇಗೆಂದು ಹೇಳಲು ನನಗೆ ಬಹಳ ಇಷ್ಟ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ, ಸ್ಕಾಟ್ಲೆಂಡ್ ಮೂಲದ ಇಯಾನ್ ಫ್ರೇಜರ್ ಮತ್ತು ಚೀನಾದಿಂದ ಬಂದ ಜಿಯಾನ್ ಝೌ ಜೊತೆಗೂಡಿದರು. ಈ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸುವುದೇ ಕಷ್ಟ. ಅದಕ್ಕೆ ಅವರು ಹಿಡಿದ ದಾರಿ ನೋಡಿ: ವೈರಸ್ಸಿನ ಹೊರಕವಚದ ಪ್ರೋಟೀನನ್ನು ಮಾತ್ರ ಜೀವಕೋಶಗಳಲ್ಲಿ ತಯಾರಿಸಿದರು. ಆ ಪ್ರೋಟೀನ್ ತುಣುಕುಗಳು ತಾವೇ ಒಂದಕ್ಕೊಂದು ಹೆಣೆದುಕೊಂಡು ವೈರಸ್ಸಿನ ಆಕಾರದ ಚಿಪ್ಪುಗಳಾದವು. ಇದು 1991ರ ಮಾತು. ತೆಂಗಿನಕಾಯಿಯ ಚಿಪ್ಪು ಇದೆ, ಒಳಗೆ ತಿರುಳೂ ಇಲ್ಲ, ಮೊಳಕೆಯೂ ಇಲ್ಲ. ನೆಟ್ಟರೆ ಗಿಡ ಹುಟ್ಟುವುದಿಲ್ಲ. ಲಸಿಕೆಯಲ್ಲಿರುವುದು ಈ ಖಾಲಿ ಚಿಪ್ಪು. ಅದರಿಂದ ಕಾಯಿಲೆ ಬರುವುದು ಸಾಧ್ಯವೇ ಇಲ್ಲ, ಆದರೆ ನಮ್ಮ ಮೈ ಅದರ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆಂದೋ ನಿಜವಾದ ವೈರಸ್ ಬಂದಾಗ ಹೊಸ್ತಿಲಲ್ಲೇ ತಡೆಯುತ್ತದೆ. ಅಮೆರಿಕದ ವಿಜ್ಞಾನಿಗಳಾದ ಲೋವಿ ಮತ್ತು ಶಿಲ್ಲರ್ ಅವರ ಕೆಲಸವೂ ಇದರಲ್ಲಿ ಸೇರಿದೆ. ಝೌ ತಮ್ಮ ಕೆಲಸದ ಫಲ ಕಾಣಲು ಉಳಿಯಲಿಲ್ಲ. 1999ರಲ್ಲಿ, ನಲವತ್ತು ದಾಟಿದ ಸ್ವಲ್ಪದರಲ್ಲೇ ತೀರಿಕೊಂಡರು. ಲಸಿಕೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ.

ಆ ಒಪ್ಪಿಗೆ ಹುಡುಗಿಯರಿಗೆ, ಹೆಂಗಸರಿಗೆ. ಗಂಡಸರಿಗೆ 2009ರ ತನಕ ಕಾಯಬೇಕಾಯಿತು. 18 ದೇಶಗಳ 4,065 ಯುವಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ವೈರಸ್ ತಗುಲುವ ಮುಂಚೆ ಲಸಿಕೆಯನ್ನು ಪೂರ್ತಿ ಪಡೆದವರಲ್ಲಿ ಜನನಾಂಗದ ನರಹುಲಿ ಮೊದಲಾದ ಗಾಯಗಳು 100ಕ್ಕೆ 90ರಷ್ಟು ತಪ್ಪಿದ್ದವು.

ಹುಡುಗಿಯರಿಗೆ ಕೊಟ್ಟರೆ ಸಾಲದೇ, ಹುಡುಗರಿಗೇಕೆ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಆಸ್ಟ್ರೇಲಿಯಾದ ಅನುಭವ ಇದಕ್ಕೆ ಒಳ್ಳೆಯ ಉತ್ತರ. ಅಲ್ಲಿ 2007ರಲ್ಲಿ ಶಾಲೆಗಳಲ್ಲಿ ಹುಡುಗಿಯರಿಗೆ ಮಾತ್ರ ಲಸಿಕೆ ಶುರುವಾಯಿತು. ಲೈಂಗಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, 21 ತುಂಬದ, ಹೆಣ್ಣಿನ ಸಂಗ ಮಾಡುವ ಹುಡುಗರಲ್ಲಿ ಆಗ 100ಕ್ಕೆ 12 ಮಂದಿಗೆ ನರಹುಲಿ ಇರುತ್ತಿತ್ತು. 2011ರ ಹೊತ್ತಿಗೆ 100ಕ್ಕೆ ಇಬ್ಬರಿಗೆ ಇಳಿಯಿತು. ಈ ಹುಡುಗರಿಗೆ ಯಾರೂ ಸೂಜಿ ಹಾಕಿರಲಿಲ್ಲ, ಹುಡುಗಿಯರ ಲಸಿಕೆಯೇ ಅವರನ್ನೂ ಕಾಯಿತು. ಆದರೆ ಗಂಡಸರ ಸಂಗ ಮಾಡುವ ಗಂಡಸರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅವರೂ ಯಾರದೋ ಮಕ್ಕಳು. ಗುದದ್ವಾರದ ಕ್ಯಾನ್ಸರಿನ ಅಪಾಯ ಅವರಿಗೇ ಹೆಚ್ಚು. ಹತ್ತು ಹನ್ನೆರಡರ ಹುಡುಗ ಮುಂದೆ ಯಾರನ್ನು ಮೆಚ್ಚುತ್ತಾನೆ ಎಂದು ತಂದೆತಾಯಿಗೆ ಗೊತ್ತಿರುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಎಲ್ಲ ಹುಡುಗರಿಗೂ ಕೊಟ್ಟುಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. 2013ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಹುಡುಗರಿಗೂ ಶಾಲೆಯಲ್ಲೇ ಉಚಿತವಾಗಿ ಹಾಕಲು ಶುರು ಮಾಡಿತು. ಬ್ರಿಟನ್ 2019ರಲ್ಲಿ ಅದೇ ದಾರಿ ಹಿಡಿಯಿತು.

ಇನ್ನೊಂದು ಕಾರಣವೂ ಇದೆ. ಹುಡುಗಿಯರೆಲ್ಲರಿಗೂ ಲಸಿಕೆ ತಲುಪಿದರೆ ಹುಡುಗರಿಗೂ ಆಸರೆ ಸಿಗುತ್ತದೆ. ಆದರೆ ಅರ್ಧಂಬರ್ಧ ತಲುಪುವ ದೇಶದಲ್ಲಿ ಆ ಆಸರೆ ತೂತುಬಿದ್ದ ಕೊಡೆಯ ಹಾಗೆ. ಜಪಾನಿನಲ್ಲಿ ಏನಾಯಿತು ಗೊತ್ತೇ? 2013ರಲ್ಲಿ ಅಡ್ಡಪರಿಣಾಮದ ಸುದ್ದಿ ಹಬ್ಬಿ ಸರ್ಕಾರ ಲಸಿಕೆಯ ಶಿಫಾರಸನ್ನು ತಡೆಹಿಡಿಯಿತು. 100ಕ್ಕೆ 70ರಷ್ಟು ಹುಡುಗಿಯರು ಹಾಕಿಸಿಕೊಳ್ಳುತ್ತಿದ್ದ ಲಸಿಕೆ 100ಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಇಳಿಯಿತು. ಶಿಫಾರಸು ಮರಳಿದ್ದು 2022ರಲ್ಲಿ. ಆ ಒಂಬತ್ತು ವರ್ಷಗಳಲ್ಲಿ ಹುಡುಗಿಯರೂ ಹುಡುಗರೂ ಕಾವಲಿಲ್ಲದೆ ಬೆಳೆದರು.

ನಮ್ಮ ನಾಡಿನದೇ ಒಂದು ನೆನಪು ಮಾಡಿಕೊಡುತ್ತೇನೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆ, ಅಂಗನವಾಡಿಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು. ಒಂಬತ್ತು ತಿಂಗಳ ಕೂಸಿನಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ ಸೂಜಿ. ರುಬೆಲ್ಲಾದ ದೊಡ್ಡ ಹಾನಿ ಬಸುರಿಯ ಹೊಟ್ಟೆಯ ಕೂಸಿಗೆ. ಕಣ್ಣು, ಕಿವಿ, ಹೃದಯ ಕೆಟ್ಟು ಹುಟ್ಟುತ್ತದೆ. ಹುಡುಗರೇನೂ ಬಸುರಾಗುವುದಿಲ್ಲ. ಆದರೂ ಅವರಿಗೆ ಹಾಕಿದೆವು. ಹುಡುಗನಿಂದ ಅಕ್ಕನಿಗೆ, ಅತ್ತಿಗೆಗೆ, ನಾಳೆ ಹೆಂಡತಿಗೆ ಅದು ದಾಟಬಾರದೆಂದು. ಯಾವ ತಾಯಿಯೂ ಆಗ "ನನ್ನ ಮಗನಿಗೇಕೆ" ಎಂದದ್ದನ್ನು ನಾನು ಕೇಳಲಿಲ್ಲ. ಎಚ್‌ಪಿವಿಯ ಮಾತು ಬಂದಾಗ ಮಾತ್ರ ಏಕೆ ಅನ್ನುತ್ತೇವೆ? ಇದರಲ್ಲಾದರೋ ಹುಡುಗನ ಸ್ವಂತ ಗಂಟಲೂ ಉಳಿಯುತ್ತದೆ.

ಹೆದರಿಕೆಗೆ ನಮ್ಮಲ್ಲಿ ಒಂದು ಇತಿಹಾಸವಿದೆ, ಅದನ್ನು ಮುಚ್ಚಿಡುವುದು ತಪ್ಪು. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 2009ರಲ್ಲಿ ಹೆಣ್ಣುಮಕ್ಕಳಿಗೆ ಈ ಲಸಿಕೆ ಕೊಡುವ ಯೋಜನೆ ನಡೆಯಿತು. ಏಳು ಹುಡುಗಿಯರು ತೀರಿಕೊಂಡರು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ತನಿಖೆಯಲ್ಲಿ ಆ ಸಾವುಗಳಿಗೆ ಲಸಿಕೆ ಕಾರಣವೆಂದು ಕಂಡುಬರಲಿಲ್ಲ. ನೀರಿನಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ವಿಷ ಕುಡಿದದ್ದು ಅವುಗಳಲ್ಲಿದ್ದವು. ಆದರೆ ಒಪ್ಪಿಗೆ ಪಡೆದ ರೀತಿ ಸರಿಯಿರಲಿಲ್ಲ. ತಂದೆತಾಯಿಗಳ ಬದಲು ಹಾಸ್ಟೆಲ್ ವಾರ್ಡನ್‌ಗಳಿಂದ ಸಹಿ ಹಾಕಿಸಿದ್ದರು. ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ಖಂಡಿಸಿದ್ದು ಸರಿ. ಬಡವರ ಮಕ್ಕಳ ತೋಳು ಯಾರ ಸೊತ್ತೂ ಅಲ್ಲ.

ಅದೇ ಸಮಯಕ್ಕೆ ನಡೆಯುತ್ತಿದ್ದ ಈ ಲಸಿಕೆಯ ಇನ್ನೊಂದು ಅಧ್ಯಯನವೂ ಸರ್ಕಾರದ ಆದೇಶದಿಂದ ಅರ್ಧಕ್ಕೆ ನಿಂತಿತು. ನಮ್ಮ ವಿಜಯಪುರದ ಆಚೆಗಿನ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೂ ಅದರ ಒಂದು ಕೇಂದ್ರವಾಗಿತ್ತು. ದೇಶದ ಹಲವೆಡೆಯ 17,000ಕ್ಕೂ ಹೆಚ್ಚು ಹುಡುಗಿಯರು ಸೇರಿದ್ದ ಅದರಲ್ಲಿ ಸಾವಿರಾರು ಮಂದಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಹಿಂಬಾಲಿಸಿದರು. ಒಂದು ಡೋಸ್ ಪಡೆದವರಲ್ಲೂ 16, 18ರ ಬಿಡದ ಸೋಂಕಿನಿಂದ 100ಕ್ಕೆ 95ರಷ್ಟು ರಕ್ಷಣೆ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹುಡುಗಿಯರಿಗೆ ಒಂದು ಡೋಸೂ ಸಾಕಾಗಬಹುದು ಎಂದು ಹೇಳಿದ್ದರ ಹಿಂದೆ ಈ ಭಾರತದ ಹುಡುಗಿಯರ ಪಾಲು ದೊಡ್ಡದು.

ಈಗ ಮನೆಯ ಲೆಕ್ಕ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ ಎಂಬ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆ ಹುಡುಗಿಯರಿಗೂ ಹುಡುಗರಿಗೂ ಇದೆ. 6, 11, 16, 18 ಈ ನಾಲ್ಕು ಬಗೆಗಳ ವಿರುದ್ಧ ಅದು ಕೆಲಸ ಮಾಡುತ್ತದೆ. ಒಂಬತ್ತರಿಂದ ಹದಿನಾಲ್ಕು ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಹದಿನೈದರಿಂದ ಇಪ್ಪತ್ತಾರರವರಿಗೆ ಮೂರು. ಖಾಸಗಿ ಮಾರುಕಟ್ಟೆಗೆ ಬಂದಾಗ ಒಂದು ಡೋಸಿಗೆ ಸುಮಾರು 2,000 ರೂಪಾಯಿ ಇತ್ತು. ಕೂಲಿ ಮಾಡುವ ಮನೆಗೆ ಇದು ದುಬಾರಿ, ನನಗೆ ಗೊತ್ತು. ಸರ್ಕಾರ ಕೊಡುವಾಗ ಮೊದಲ ಸರದಿ ಹೆಣ್ಣುಮಕ್ಕಳದಾಗಿರುವುದೂ ನ್ಯಾಯವೇ. ನಮ್ಮ ದೇಶದಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ವರ್ಷಕ್ಕೆ ಎಂಬತ್ತು ಸಾವಿರದಷ್ಟು ಹೆಂಗಸರು ಬಲಿಯಾಗುತ್ತಿದ್ದಾರೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ಹಾಕಿಸುವ ಶಕ್ತಿಯಿದ್ದರೆ ಮಗಳಿಗೇ ಹಾಕಿಸಿ, ಎರಡು ಮಾತಿಲ್ಲ. ಇಬ್ಬರಿಗೂ ಹಾಕಿಸಬಲ್ಲವರು ಮಗನನ್ನು ಬಿಡಬೇಡಿ.

ಸೂಜಿ ಹಾಕಿದ ತೋಳು ಒಂದೆರಡು ದಿನ ನೋಯುತ್ತದೆ. ಕೆಲವರಿಗೆ ಮೈ ಬೆಚ್ಚಗಾಗಬಹುದು, ಸೂಜಿಯ ಅಂಜಿಕೆಗೆ ತಲೆ ಸುತ್ತಬಹುದು. ಅದಕ್ಕೆ ಕಾಲು ಗಂಟೆ ಅಲ್ಲೇ ಕೂರಿಸುತ್ತಾರೆ. ಗಂಡಸುತನ ಹೋಗುತ್ತದೆ, ಮಕ್ಕಳಾಗುವುದಿಲ್ಲ ಎಂಬ ಮಾತು ಮೊಬೈಲಿನಲ್ಲಿ ಓಡಾಡುತ್ತಿದೆ. ಅದು ಸುಳ್ಳು. ಲಸಿಕೆ ಹಾಕಿಸಿದರೆ ಹುಡುಗ ದಾರಿ ತಪ್ಪುತ್ತಾನೆ ಎಂಬುದಕ್ಕೂ ಆಧಾರವಿಲ್ಲ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡ ಯಾರೂ ಬೇಕೆಂದು ಹೋಗಿ ಮೊಳೆ ತುಳಿಯುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಏಕೆ ಅಂದರೆ, ಇದು ಬಂದ ವೈರಸ್ಸನ್ನು ಓಡಿಸುವ ಔಷಧಿಯಲ್ಲ, ಬರುವ ಮುಂಚೆ ಬಾಗಿಲು ಹಾಕುವ ಅಗುಳಿ. ಒಂಬತ್ತು, ಹತ್ತರ ಮಕ್ಕಳ ಮೈ ಇದಕ್ಕೆ ದೊಡ್ಡವರಿಗಿಂತ ಚೆನ್ನಾಗಿ ಸ್ಪಂದಿಸುತ್ತದೆ ಕೂಡ.

ಲಸಿಕೆಯ ವಯಸ್ಸು ಮೀರಿದ ಗಂಡಸರಿಗೆ ನನ್ನ ಮಾತು ಬೇರೆ. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಒಂದೇ ಕಡೆಯ ಗಂಟಲುನೋವು, ಒಡೆದ ದನಿ, ನುಂಗುವಾಗ ತಡೆ, ಶಿಶ್ನದ ಮೇಲೆ ಮಾಯದ ಹುಣ್ಣು, ಇವುಗಳಲ್ಲಿ ಯಾವುದೇ ಇರಲಿ, ಮೂರು ವಾರ ಮೀರಿದರೆ ವೈದ್ಯರಿಗೆ ತೋರಿಸಿ. ನೋವಿಲ್ಲ ಎಂಬುದೇ ಧೈರ್ಯಕ್ಕೆ ಕಾರಣವಾಗಬಾರದು. ತಂಬಾಕು ಬಿಡಿ. ಮನೆಯ ಮೂವತ್ತು ದಾಟಿದ ಹೆಂಗಸರನ್ನು ಗರ್ಭಕೊರಳಿನ ತಪಾಸಣೆಗೆ ಕರೆದುಕೊಂಡು ಹೋಗಿ. ಅವರು ತಾವಾಗಿ ಕೇಳುವುದಿಲ್ಲ, ನೀವೇ ಕರೆದುಕೊಂಡು ಹೋಗಬೇಕು.

ಆ ಮೇಷ್ಟ್ರು ಏನಾದರು ಎಂದು ಕೇಳುತ್ತೀರಿ. ಏಳು ವಾರ ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟ ಹೆಸರು ಅದು. ಜೊತೆಗೆ ಔಷಧಿಯ ಡ್ರಿಪ್. ವೈರಸ್ಸಿನಿಂದ ಬರುವ ಗಂಟಲ ಕ್ಯಾನ್ಸರ್ ತಂಬಾಕಿನದಕ್ಕಿಂತ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಅವರ ಪುಣ್ಯಕ್ಕೆ ಗುಣವಾಯಿತು. ಆದರೆ ಜೊಲ್ಲಿನ ಗ್ರಂಥಿಗಳು ಒಣಗಿಹೋದವು. ಪಾಠ ಮಾಡುವಾಗ ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಎರಡು ಮಾತಿಗೊಮ್ಮೆ ಗುಟುಕರಿಸುತ್ತಿದ್ದರು. ರೊಟ್ಟಿ ನುಂಗಲಾಗದೆ ಅನ್ನ ಸಾರು ಕಲಸಿ ತೆಳ್ಳಗೆ ಮಾಡಿಕೊಂಡು ಉಣ್ಣುತ್ತಿದ್ದರು. ಕಳೆದ ಬಾರಿ ತಪಾಸಣೆಗೆ ಬಂದಾಗ ಹನ್ನೊಂದರ ಮೊಮ್ಮಗನನ್ನು ಕೈಹಿಡಿದು ತಂದಿದ್ದರು. "ಇವನಿಗೆ ಹಾಕಿಸಬೇಕು, ಎಲ್ಲಿಗೆ ಕರೆದುಕೊಂಡು ಹೋಗಲಿ?" ಎಂದರು. ಮಕ್ಕಳ ವೈದ್ಯರ ಕೋಣೆ ತೋರಿಸಿದೆ.

ತಂದೆತಾಯಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲಿ ಒಂಬತ್ತು ತುಂಬಿದ ಹುಡುಗನಿದ್ದರೆ ಈ ವಾರವೇ ನಿಮ್ಮ ಮಕ್ಕಳ ವೈದ್ಯರನ್ನು ಈ ಲಸಿಕೆಯ ಬಗ್ಗೆ ಕೇಳಿ.